ಹಂದಿಗಳ ಜಂತುಹುಳು: ಮದ್ದಿಗೆ ಮೊದಲು ನೆಲ ನೋಡಿ

ಮದ್ದು ಹಾಕಿ ಎರಡು ತಿಂಗಳು ಕಳೆದಿರುವುದಿಲ್ಲ, ಹಂದಿಗಳ ಮಲದಲ್ಲಿ ಮತ್ತೆ ಹುಳು. ಇಂಥ ಹೊತ್ತಿನಲ್ಲಿ ಮೊದಲು ಬೈಸಿಕೊಳ್ಳುವುದು ಮದ್ದು. ಆದರೆ ಹೆಚ್ಚಿನ ಸಲ ಅದು ಒಳಗಿದ್ದ ಹುಳುಗಳನ್ನು ಕೊಂದೇ ಇರುತ್ತದೆ. ಹೊಸ ಹುಳು ಬಂದದ್ದು ದೊಡ್ಡಿಯ ನೆಲದಿಂದ. ಹೆಣ್ಣು ದುಂಡುಹುಳುವೊಂದು ದಿನಕ್ಕೆ 2 ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಮಣ್ಣಿನಲ್ಲಿ, ಗೋಡೆಯ ಬಿರುಕಿನಲ್ಲಿ, ಮೇವಿನ ತೊಟ್ಟಿಯ ಕೆಳಗೆ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ಮದ್ದು ಕೆಲಸ ಮಾಡುವುದು ಹಂದಿಯ ಹೊಟ್ಟೆಯಲ್ಲಿ, ಅದೂ ಕೆಲವೇ ದಿನ. ನೆಲದಲ್ಲಿರುವ ಮೊಟ್ಟೆಯನ್ನು ಅದು ಮುಟ್ಟುವುದೇ ಇಲ್ಲ.

ಆದ್ದರಿಂದ ಯಾವ ಹುಳು, ಅದು ಎಷ್ಟು ದಿನಕ್ಕೆ ಮೊಟ್ಟೆಯಿಡಲು ಶುರುಮಾಡುತ್ತದೆ, ಆ ಮೊಟ್ಟೆ ಎಲ್ಲಿ ಹಣ್ಣಾಗುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಮದ್ದಿನ ಡಬ್ಬಿ ತೆರೆಯಬೇಕು.

ಯಾವ ಹುಳು, ಎಷ್ಟು ದಿನದ ಲೆಕ್ಕ

ಎಲ್ಲಕ್ಕಿಂತ ಸಾಮಾನ್ಯವಾದದ್ದು ದೊಡ್ಡ ದುಂಡುಹುಳು, ಅಸ್ಕಾರಿಸ್ ಸೂಮ್. ಹೆಣ್ಣು 20 ರಿಂದ 40 ಸೆಂಟಿಮೀಟರ್ ಉದ್ದ, ಪೆನ್ಸಿಲಿನಷ್ಟು ದಪ್ಪ, ಕೆನೆಬಣ್ಣ. ಮಲದೊಂದಿಗೆ ಬಿದ್ದ ಮೊಟ್ಟೆ ತಕ್ಷಣ ಅಪಾಯಕಾರಿಯಲ್ಲ. ಬೆಚ್ಚಗಿನ, ತೇವದ ಜಾಗದಲ್ಲಿ ಮೂರು ನಾಲ್ಕು ವಾರ ಬಿದ್ದಿದ್ದರೆ ಒಳಗೆ ಲಾರ್ವಾ, ಅಂದರೆ ಮರಿಹುಳು, ಬಲಿಯುತ್ತದೆ. ಆ ಬಲಿತ ಮೊಟ್ಟೆಯನ್ನು ಹಂದಿ ನುಂಗಿದರೆ ಲಾರ್ವಾ ಕರುಳಿನಲ್ಲಿ ಹೊರಬಂದು, ರಕ್ತದ ಜೊತೆ ಯಕೃತ್ತಿಗೆ ಹೋಗಿ, ಒಂದು ವಾರದ ಹೊತ್ತಿಗೆ ಶ್ವಾಸಕೋಶ ಸೇರುತ್ತದೆ. ಅಲ್ಲಿಂದ ಗಂಟಲಿಗೆ ಏರಿ, ಮತ್ತೆ ನುಂಗಲ್ಪಟ್ಟು ಸಣ್ಣಕರುಳಿಗೆ ವಾಪಸಾಗುತ್ತದೆ. ನುಂಗಿದ ದಿನದಿಂದ 6 ರಿಂದ 8 ವಾರಕ್ಕೆ ಹೊಸ ಮೊಟ್ಟೆ ಬೀಳತೊಡಗುತ್ತದೆ. ಲಾರ್ವಾ ಶ್ವಾಸಕೋಶ ದಾಟುವಾಗ ಮರಿಗಳು ಕೆಮ್ಮುತ್ತವೆ, ಪಕ್ಕೆ ಎಳೆದು ಉಸಿರಾಡುತ್ತವೆ. ಆ ಹೊತ್ತಿನಲ್ಲಿ ಮಲ ಪರೀಕ್ಷೆ ಮಾಡಿಸಿದರೆ ಒಂದು ಮೊಟ್ಟೆಯೂ ಸಿಗದು. ಕೆಮ್ಮಿಗೆ ಸೋಂಕಿನ ಚುಚ್ಚುಮದ್ದು ಕೊಡುತ್ತ ದಿನ ಕಳೆಯುವುದು ಇಲ್ಲಿಯೇ.

ಚಾಟಿಹುಳು, ಟ್ರೈಕುರಿಸ್ ಸೂಯಿಸ್, ಇದಕ್ಕಿಂತ ಕೆಟ್ಟದ್ದು. 5 ರಿಂದ 8 ಸೆಂಟಿಮೀಟರ್ ಉದ್ದ. ಮುಂದಿನ ಮೂರನೇ ಎರಡು ಭಾಗ ಕೂದಲಿನಷ್ಟು ತೆಳು, ಹಿಂದಿನದು ಚಾಟಿಯ ಹಿಡಿಯಂತೆ ದಪ್ಪ. ಆ ತೆಳುಭಾಗವನ್ನು ದೊಡ್ಡಕರುಳಿನ ಒಳಪೊರೆಯಲ್ಲಿ ಹೊಲಿದಂತೆ ತೂರಿಸಿಕೊಂಡು ಕೂತಿರುತ್ತದೆ. ಹಾಲು ಬಿಟ್ಟ ಮರಿಗಳಲ್ಲಿ ರಕ್ತ, ಲೋಳೆ ಬೆರೆತ ಭೇದಿ ಬರುತ್ತದೆ. ಮೊಟ್ಟೆ ಕಾಣಿಸಲು 6 ರಿಂದ 7 ವಾರ ಬೇಕು, ಭೇದಿ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಬ್ಯಾಕ್ಟೀರಿಯಾದಿಂದ ಬರುವ ಹಂದಿಯ ಆಮಶಂಕೆಯೂ ನೋಡಲು ಹೀಗೆಯೇ ಇರುತ್ತದೆ. ಹಾಗಾಗಿ ಆಂಟಿಬಯೋಟಿಕ್‌ಗೆ ಬಗ್ಗದ ರಕ್ತಭೇದಿ ಕಂಡರೆ, ಸತ್ತ ಮರಿಯೊಂದರ ದೊಡ್ಡಕರುಳನ್ನು ಸೀಳಿ ನೋಡುವ ತನಕ ಯಾವ ತೀರ್ಮಾನಕ್ಕೂ ಬರಬೇಡಿ.

ಗಂಟುಹುಳು, ಈಸೊಫಾಗೋಸ್ಟೋಮಮ್, ಒಂದೂವರೆ ಸೆಂಟಿಮೀಟರ್ ಮೀರದು. ಮೂರೇ ವಾರದಲ್ಲಿ ಮೊಟ್ಟೆಯಿಡುತ್ತದೆ. ಇದು ಮರಿಗಳಿಗಿಂತ ತಾಯಿಹಂದಿಗಳ ಹುಳು. ಮರಿಹಾಕುವ ಆಸುಪಾಸಿನಲ್ಲಿ ತಾಯಿಯ ಮಲದಲ್ಲಿ ಇದರ ಮೊಟ್ಟೆ ಏರುತ್ತದೆ, ಮರಿ ಬಿಡಿಸಿದ ಮೇಲೂ ತಾಯಿ ಮೈ ಹಿಡಿಯುವುದಿಲ್ಲ. ಇದರ ಲಾರ್ವಾ ಹೊರಗಿನ ಒಣಹವೆಯನ್ನು ತಾಳುವುದಿಲ್ಲ ಎನ್ನುವುದೊಂದೇ ಸಮಾಧಾನ.

ದಾರದಂಥ ಹುಳು, ಸ್ಟ್ರಾಂಗೈಲಾಯ್ಡಿಸ್ ರಾನ್ಸೋಮಿ, ತಾಯಿಯ ಗಿಣ್ಣುಹಾಲಿನಲ್ಲೇ ಮರಿಯ ಹೊಟ್ಟೆ ಸೇರಬಲ್ಲದು. ಹುಟ್ಟಿ ವಾರ ಕಳೆಯುವುದರೊಳಗೆ ಮರಿಯ ಮಲದಲ್ಲಿ ಮೊಟ್ಟೆ ಕಂಡರೆ ಇದೇ. ಬೇರೆ ಯಾವ ಹುಳುವಿಗೂ ಅಷ್ಟು ಬೇಗ ಬಲಿಯುವ ಶಕ್ತಿಯಿಲ್ಲ.

ಕಸಾಯಿಖಾನೆಯಲ್ಲಿ ಕಣ್ಣಿಗೆ ಕಾಣುವ ಲೆಕ್ಕ

ಸೂಕ್ಷ್ಮದರ್ಶಕಕ್ಕಿಂತ ಮೊದಲು ನೋಡಬೇಕಾದದ್ದು ಯಕೃತ್ತು. ದೊಡ್ಡಿಯ ಹಂದಿಗಳನ್ನು ಕಡಿಯುವ ದಿನ ಅಲ್ಲೇ ನಿಂತು, ಇಲ್ಲವೇ ಹೇಳಿಟ್ಟು, ಪ್ರತಿ ಯಕೃತ್ತನ್ನೂ ನೀರಿನಲ್ಲಿ ತೊಳೆಸಿ ಬೆಳಕಿಗೆ ಹಿಡಿಸಿ. ಲಾರ್ವಾ ಹಾದುಹೋದ ಕಡೆ ಹಾಲಿನ ಹನಿ ಬಿದ್ದು ಒಣಗಿದಂಥ ಬಿಳಿ ಕಲೆಗಳು ಇರುತ್ತವೆ, ಅಂಚು ಮಸುಕು, ಕೆಲವು ಜೋಳದ ಕಾಳಿನಷ್ಟು, ಕೆಲವು ಒಂದು ಸೆಂಟಿಮೀಟರ್ ತನಕ. ಬೆರಳಿನಿಂದ ಉಜ್ಜಿದರೆ ಹೋಗುವುದಿಲ್ಲ. ಪ್ರತಿ ಯಕೃತ್ತಿನ ಎದುರು ಮೂರರಲ್ಲಿ ಒಂದು ಗುರುತು ಹಾಕಿಕೊಳ್ಳಿ: ಕಲೆಯಿಲ್ಲ, 1 ರಿಂದ 10 ಕಲೆ, 10ಕ್ಕಿಂತ ಹೆಚ್ಚು.

ಈ ಕಲೆಗಳು ಲಾರ್ವಾ ಬಂದು ವಾರ ಹತ್ತು ದಿನಕ್ಕೆ ಮೂಡಿ, ಐದಾರು ವಾರಕ್ಕೆ ಮಾಸುತ್ತವೆ. ಹಾಗೆಂದರೆ ಕಡಿದ ದಿನ ಕಲೆ ಎದ್ದು ಕಾಣುತ್ತಿದ್ದರೆ ಸೋಂಕು ತಗುಲಿದ್ದು ಹಿಂದಿನ ಐದಾರು ವಾರದೊಳಗೆ. ಆ ಅವಧಿಯಲ್ಲಿ ಹಂದಿ ಯಾವ ದೊಡ್ಡಿಯಲ್ಲಿತ್ತೋ ಆ ದೊಡ್ಡಿಯ ನೆಲವೇ ತಪ್ಪಿತಸ್ಥ. ಮರಿಗಳ ದೊಡ್ಡಿಯನ್ನು ಎಷ್ಟು ತೊಳೆದರೂ ಇಲ್ಲಿನ ಕಲೆ ಕಡಿಮೆಯಾಗದು. ಇಷ್ಟು ನಿಖರವಾಗಿ, ಇಷ್ಟು ಕಡಿಮೆ ಖರ್ಚಿನಲ್ಲಿ ಜಾಗ ತೋರಿಸುವ ಪರೀಕ್ಷೆ ಇನ್ನೊಂದಿಲ್ಲ. ಆದರೂ ಇದನ್ನು ನೋಡಿಸುವವರು ಕಡಿಮೆ ಎನ್ನುವುದು ನಿಜಕ್ಕೂ ಬೇಸರದ ಸಂಗತಿ.

ಯಕೃತ್ತಿನ ತುಂಬ ಕಲೆಯಿದ್ದು ಕರುಳಿನಲ್ಲಿ ಒಂದೂ ಹುಳು ಇಲ್ಲದಿದ್ದರೆ ಗಲಿಬಿಲಿ ಬೇಡ. ಪದೇ ಪದೇ ಮೊಟ್ಟೆ ನುಂಗಿದ ಹಂದಿಯ ದೇಹ ಲಾರ್ವಾಗಳು ಕರುಳಿನಲ್ಲಿ ನೆಲೆಯೂರಲು ಬಿಡುವುದಿಲ್ಲ. ಹುಳುಗಳ ಹೆಚ್ಚಿನ ಪಾಲು ಯಾವಾಗಲೂ ಕೆಲವೇ ಹಂದಿಗಳ ಹೊಟ್ಟೆಯಲ್ಲಿರುತ್ತದೆ. ಹಾಗಾಗಿ ಎರಡು ಮೂರು ಕರುಳು ಸೀಳಿ "ಹುಳುವಿಲ್ಲ" ಎಂದರೆ ಅದಕ್ಕೆ ಅರ್ಥವಿಲ್ಲ.

ಚಾಟಿಹುಳುವಿಗೆ ದೊಡ್ಡಕರುಳಿನ ಆರಂಭದ ಕುರುಡುಚೀಲವನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ಒಳಗಿನದನ್ನು ನಿಧಾನ ನೀರಿನಲ್ಲಿ ತೊಳೆಯಬೇಕು. ಜೋರಾಗಿ ಉಜ್ಜಬಾರದು. ಒಳಪೊರೆ ಕೆಂಪಾಗಿ ಊದಿದ್ದು, ಅದರ ಮೇಲೆ ಬಿಳಿ ದಾರದ ತುಂಡುಗಳು ನೇತಾಡುತ್ತಿದ್ದರೆ ಒಂದನ್ನು ಚಿಮಟದಿಂದ ಹಿಡಿದೆಳೆಯಿರಿ. ಲೋಳೆಯ ಎಳೆಯಾದರೆ ಜಾರಿ ಬರುತ್ತದೆ. ಹುಳುವಾದರೆ ಎಳೆದಷ್ಟೂ ಬಿಗಿಯುತ್ತದೆ, ತುದಿ ಪೊರೆಯೊಳಗೇ ಉಳಿಯುತ್ತದೆ.

ಮಲದಲ್ಲಿ ಮೊಟ್ಟೆ ಎಣಿಸುವುದು

ಮಾದರಿಯನ್ನು ನೆಲದಿಂದ ಬಳಿದು ತರಬೇಡಿ. ಕೈಗವಸು ಹಾಕಿ ಗುದದಿಂದ ನೇರ ತೆಗೆಯಿರಿ, ಇಲ್ಲವೇ ಹಂದಿ ಹಾಕುತ್ತಿರುವಾಗಲೇ ಮೇಲ್ಭಾಗದಿಂದ ಎತ್ತಿಕೊಳ್ಳಿ. ಒಂದೊಂದು ಮಾದರಿ 5 ಗ್ರಾಂ ಸಾಕು. ಹಾಲು ಬಿಟ್ಟ ಮರಿ, ಬೆಳೆಯುವ ಹಂದಿ, ಕಡಿಯಲು ಸಿದ್ಧವಾದದ್ದು, ತಾಯಿಹಂದಿ, ಹೀಗೆ ಪ್ರತಿ ವಯಸ್ಸಿನ ಗುಂಪಿನಿಂದ ಹತ್ತು ಹಂದಿಗಳದ್ದಾದರೂ ಇರಲಿ. ಡಬ್ಬಿಯಲ್ಲಿ ಗಾಳಿಗೆ ಜಾಗವಿಲ್ಲದಂತೆ ತುಂಬಿ 4 ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಿಸಬೇಡಿ. ಬೆಚ್ಚಗೆ ಬಿಟ್ಟರೆ ಗಂಟುಹುಳುವಿನ ಮೊಟ್ಟೆ ಒಂದೇ ದಿನದಲ್ಲಿ ಒಡೆದು ಲಾರ್ವಾ ಹೊರಬರುತ್ತದೆ, ಎಣಿಸಲು ಏನೂ ಉಳಿಯುವುದಿಲ್ಲ.

ತೇಲಿಸುವ ದ್ರಾವಣಕ್ಕೆ 1 ಲೀಟರ್ ಬಿಸಿನೀರಿಗೆ 400 ಗ್ರಾಂ ಉಪ್ಪು ಹಾಕಿ ಕಲಕಿ, ಆರಲು ಬಿಡಿ. ತಳದಲ್ಲಿ ಕರಗದ ಉಪ್ಪು ಉಳಿದರೆ ದ್ರಾವಣ ಸರಿಯಾಗಿದೆ ಎಂದರ್ಥ, ಸಾಂದ್ರತೆ ಸುಮಾರು 1.2. ಇದರಲ್ಲಿ ದುಂಡುಹುಳು, ಗಂಟುಹುಳುಗಳ ಮೊಟ್ಟೆ ಚೆನ್ನಾಗಿ ತೇಲುತ್ತದೆ. ಚಾಟಿಹುಳು, ಶ್ವಾಸಕೋಶದ ಹುಳುಗಳ ಮೊಟ್ಟೆ ಭಾರ. ಅವನ್ನು ಹುಡುಕುತ್ತಿದ್ದರೆ ತಿಳಿಯಾದ ಈ ಉಪ್ಪುನೀರಿನ 1 ಲೀಟರ್‌ಗೆ 500 ಗ್ರಾಂ ಗ್ಲೂಕೋಸ್ ಕರಗಿಸಿ ಸಾಂದ್ರತೆಯನ್ನು 1.27ರ ಹತ್ತಿರ ತನ್ನಿ. "ಚಾಟಿಹುಳು ಇಲ್ಲ" ಎಂಬ ವರದಿ ಬಂದಾಗ ಯಾವ ದ್ರಾವಣದಲ್ಲಿ ನೋಡಿದರು ಎಂದು ಕೇಳುವುದು ಒಳ್ಳೆಯದು.

4 ಗ್ರಾಂ ಮಲವನ್ನು 56 ಮಿಲಿಲೀಟರ್ ದ್ರಾವಣದಲ್ಲಿ ಗಂಟಿಲ್ಲದಂತೆ ಕಲಸಿ, ಟೀ ಜರಡಿಯಲ್ಲಿ ಸೋಸಿ. ಸೋಸಿದ್ದನ್ನು ಕಲಕುತ್ತಲೇ ಪಿಪೆಟ್‌ನಲ್ಲಿ ಎಳೆದು ಮೆಕ್‌ಮಾಸ್ಟರ್ ಗಾಜಿನ (ಮೊಟ್ಟೆ ಎಣಿಸಲೆಂದೇ ಗೆರೆ ಹಾಕಿದ ಎರಡು ಕೋಣೆಯ ಗಾಜು) ಎರಡೂ ಕೋಣೆ ತುಂಬಿಸಿ. ಕಲಕುವುದನ್ನು ನಿಲ್ಲಿಸಿದ ಕ್ಷಣದಿಂದ ಮೊಟ್ಟೆ ಮೇಲಕ್ಕೆ ಏರತೊಡಗುತ್ತದೆ. ಕೆಳಗಿನಿಂದ ಎಳೆದರೆ ಕಡಿಮೆ ಲೆಕ್ಕ, ಮೇಲಿನಿಂದ ಎಳೆದರೆ ಹೆಚ್ಚು ಲೆಕ್ಕ ಸಿಗುವುದು ಈ ಕಾರಣಕ್ಕೆ. ತುಂಬಿಸಿದ ಮೇಲೆ 5 ನಿಮಿಷ ಅಲುಗಿಸದೆ ಬಿಟ್ಟು, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಗೆರೆಗಳ ಮೇಲೆ ಗಮನವಿಟ್ಟು ಎಣಿಸಿ. ಎರಡೂ ಕೋಣೆಯ ಒಟ್ಟು ಸಂಖ್ಯೆಯನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿರುವ ಮೊಟ್ಟೆಗಳ ಸಂಖ್ಯೆ. ಅರ್ಧ ಗಂಟೆ ದಾಟಿದರೆ ಉಪ್ಪಿನ ಹರಳು ಕಟ್ಟಿ ಏನೂ ಕಾಣುವುದಿಲ್ಲ.

ದುಂಡುಹುಳುವಿನ ಮೊಟ್ಟೆ ಕಂದುಬಣ್ಣ, ದಪ್ಪ ಚಿಪ್ಪು, ಹೊರಮೈ ಹಲಸಿನ ಸಿಪ್ಪೆಯಂತೆ ಉಬ್ಬುತಗ್ಗು. ಚಾಟಿಹುಳುವಿನದು ನಿಂಬೆಕಾಯಿಯ ಆಕಾರ, ಎರಡೂ ತುದಿಗೆ ಬಿರಡೆ. ಗಂಟುಹುಳುವಿನ ಮೊಟ್ಟೆ ತೆಳುಚಿಪ್ಪಿನದು, ಒಳಗೆ ದ್ರಾಕ್ಷಿಗೊಂಚಲಿನಂತೆ ಕೋಶಗಳು. ಹೊಟ್ಟೆಯ ಕೆಂಪುಹುಳುವಿನ ಮೊಟ್ಟೆಯೂ ಹಾಗೆಯೇ ಇರುವುದರಿಂದ ಲಾರ್ವಾ ಬೆಳೆಸಿ ನೋಡದೆ ಎರಡನ್ನೂ ಬೇರೆ ಮಾಡಲಾಗದು.

ಒಂದು ಎಚ್ಚರಿಕೆ ಇಲ್ಲಿ ಬೇಕೇ ಬೇಕು. ಹಂದಿಗಳು ಮಲ ತಿನ್ನುತ್ತವೆ, ಮಣ್ಣು ಮೂಸುತ್ತವೆ. ಇನ್ನೊಂದರ ಮಲದಲ್ಲಿದ್ದ ಬಲಿಯದ ಮೊಟ್ಟೆ ಇದರ ಹೊಟ್ಟೆಯಲ್ಲಿ ಸುಮ್ಮನೆ ಹಾದು ಹೊರಬರುತ್ತದೆ. ದುಂಡುಹುಳುವಿನ ಲೆಕ್ಕ ಗ್ರಾಂಗೆ 200ಕ್ಕಿಂತ ಕಡಿಮೆಯಿದ್ದರೆ ಆ ಹಂದಿಯ ಹೊಟ್ಟೆಯಲ್ಲಿ ಹುಳು ಇದ್ದೇ ಇದೆ ಎನ್ನುವಂತಿಲ್ಲ. ದೊಡ್ಡಿಯಲ್ಲಿ ಎಲ್ಲೋ ಇದೆ ಎನ್ನಬಹುದು, ಅಷ್ಟೇ.

ಮದ್ದು: ತೂಕ, ಅಳತೆ, ದಿನ

ಕಣ್ಣಂದಾಜಿನ ತೂಕವೇ ಮದ್ದು ಸೋಲುವುದಕ್ಕೆ ದೊಡ್ಡ ಕಾರಣ. ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಎರಡು ಕಿವಿಗಳ ನಡುವಿನಿಂದ ಬಾಲದ ಬುಡದ ತನಕದ ಉದ್ದವನ್ನೂ ಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 69.3ರಿಂದ ಗುಣಿಸಿದರೆ ಕಿಲೋ ತೂಕ. ಸುತ್ತಳತೆ 0.95, ಉದ್ದ 1 ಮೀಟರ್ ಇದ್ದರೆ ಸುಮಾರು 62.5 ಕಿಲೋ. ಅಳೆಯುವಾಗ ಹಂದಿ ತಲೆ ನೇರ ಹಿಡಿದು ನಿಂತಿರಬೇಕು. ತಲೆ ಬಗ್ಗಿಸಿ ತಿನ್ನುತ್ತಿದ್ದರೆ ಉದ್ದ ಹೆಚ್ಚು ಬರುತ್ತದೆ. ಗುಂಪಿಗೆ ಒಂದೇ ಅಳತೆ ಕೊಡುವುದಾದರೆ ಸರಾಸರಿ ತೂಕಕ್ಕಲ್ಲ, ಗುಂಪಿನ ದೊಡ್ಡ ಹಂದಿಯ ತೂಕಕ್ಕೆ ಲೆಕ್ಕ ಹಾಕಬೇಕು. ಗುಂಪಿನಲ್ಲಿ ಗಾತ್ರದ ವ್ಯತ್ಯಾಸ ಬಹಳವಿದ್ದರೆ ಮೊದಲು ಗುಂಪನ್ನೇ ಒಡೆಯಿರಿ.

ಫೆನ್‌ಬೆಂಡಜೋಲ್ ಕಿಲೋಗೆ 5 ಮಿಲಿಗ್ರಾಂನಂತೆ ಒಂದೇ ಸಲ ಕೊಟ್ಟರೆ ದುಂಡುಹುಳು, ಗಂಟುಹುಳುಗಳಿಗೆ ಸಾಕು. ಚಾಟಿಹುಳುವಿಗೆ ಸಾಲದು. ಅದಕ್ಕೆ ಕಿಲೋಗೆ 3 ಮಿಲಿಗ್ರಾಂನಂತೆ ಮೂರು ದಿನ ಸತತ ಕೊಡಬೇಕು. ಐವರ್ಮೆಕ್ಟಿನ್ ಕಿಲೋಗೆ 0.3 ಮಿಲಿಗ್ರಾಂ, ಕಿವಿಯ ಹಿಂದೆ ಕುತ್ತಿಗೆಯ ಚರ್ಮದಡಿ. ಶೇಕಡ 1ರ ದ್ರಾವಣವಾದರೆ ಪ್ರತಿ 33 ಕಿಲೋಗೆ 1 ಮಿಲಿಲೀಟರ್. ಮೇಲಿನ 62.5 ಕಿಲೋ ಹಂದಿಗೆ 1.9 ಮಿಲಿಲೀಟರ್. ಇದು ಕಜ್ಜಿಯ ನುಸಿ, ಹೇನುಗಳನ್ನೂ ಕೊಲ್ಲುತ್ತದೆ. ಚಾಟಿಹುಳುವಿನ ವಿಷಯದಲ್ಲಿ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ. ಮದ್ದಿನ ಆಯ್ಕೆಯನ್ನು ಪಶುವೈದ್ಯರೊಂದಿಗೆ ಮಾತಾಡಿಯೇ ಮಾಡಿ. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಹಂದಿಯನ್ನು ಕಡಿಯಬಾರದು ಎಂಬುದು ಒಂದೊಂದು ತಯಾರಿಕೆಗೂ ಬೇರೆ. ಲೇಬಲ್ಲಿನ ಮೇಲಿರುವ ದಿನವನ್ನು ದೊಡ್ಡಿಯ ಬಾಗಿಲಿಗೆ ಬರೆದು ಅಂಟಿಸಿ.

ಮೇವಿನಲ್ಲಿ ಬೆರೆಸುವ ಲೆಕ್ಕ ಹೀಗೆ. 40 ಕಿಲೋದ 20 ಹಂದಿಗಳ ಒಟ್ಟು ತೂಕ 800 ಕಿಲೋ. ದಿನಕ್ಕೆ ಕಿಲೋಗೆ 3 ಮಿಲಿಗ್ರಾಂ ಎಂದರೆ 2,400 ಮಿಲಿಗ್ರಾಂ ಫೆನ್‌ಬೆಂಡಜೋಲ್. ಶೇಕಡ 4ರ ಪುಡಿಯ ಒಂದು ಗ್ರಾಂನಲ್ಲಿ 40 ಮಿಲಿಗ್ರಾಂ ಇರುವುದರಿಂದ ದಿನಕ್ಕೆ 60 ಗ್ರಾಂ ಪುಡಿ. ಈ 60 ಗ್ರಾಂ ಅನ್ನು ನೇರ ಮೂಟೆಗೆ ಸುರಿದರೆ ಒಂದು ಹಂದಿಗೆ ನಾಲ್ಕು ಪಾಲು, ಇನ್ನೊಂದಕ್ಕೆ ಸೊನ್ನೆ. ಮೊದಲು 1 ಕಿಲೋ ಮೇವಿನಲ್ಲಿ ಕೈಯಾಡಿಸಿ ಬೆರೆಸಿ, ಅದನ್ನು 5 ಕಿಲೋದಲ್ಲಿ, ಅದನ್ನು ಬೆಳಗಿನ ಮೇವಿನಲ್ಲಿ ಬೆರೆಸಿ. ದಿನದ ಅರ್ಧ ಮೇವಿಗೆ ಮಾತ್ರ ಮದ್ದು ಸೇರಿಸಿದರೆ ಪೂರ್ತಿ ತಿಂದು ಮುಗಿಸುತ್ತವೆ. ಎಲ್ಲ ಹಂದಿಗೂ ಒಂದೇ ಸಲ ಬಾಯಿ ಹಾಕಲು ತೊಟ್ಟಿಯಲ್ಲಿ ಜಾಗ ಇರಬೇಕು. ಹಿಂದೆ ಸರಿದು ನಿಲ್ಲುವ ಬಡಕಲು ಹಂದಿಯೇ ಹೆಚ್ಚು ಹುಳು ಹೊತ್ತಿರುವುದು, ಮೇವು ಸಿಗದೆ ಹೋಗುವುದೂ ಅದಕ್ಕೇ. ಅದನ್ನು ಬೇರೆ ಕಟ್ಟಿ ಉಣಿಸಿ.

ಯಾವ ದಿನ ಎಂಬುದಕ್ಕೆ ಹುಳುವಿನ ಲೆಕ್ಕವೇ ಉತ್ತರ. ದುಂಡುಹುಳು ಮೊಟ್ಟೆಯಿಡುವುದು ಬೇಗನೆಂದರೆ 6 ವಾರಕ್ಕೆ. ಹಾಗಾಗಿ ಸೋಂಕು ಜೋರಾಗಿರುವ ದೊಡ್ಡಿಯಲ್ಲಿ ಬೆಳೆಯುವ ಹಂದಿಗಳಿಗೆ 5 ವಾರಕ್ಕೊಮ್ಮೆ ಕೊಟ್ಟರೆ ಒಂದು ಹುಳುವಿಗೂ ಮೊಟ್ಟೆಯಿಡುವ ಕಾಲ ಸಿಗದು, ನೆಲಕ್ಕೆ ಹೊಸ ಮೊಟ್ಟೆ ಬೀಳದು. 8 ವಾರಕ್ಕೊಮ್ಮೆ ಕೊಡುವವರು ಹುಳು ಕೊಲ್ಲುತ್ತಾರೆ, ಮೊಟ್ಟೆಗೆ ದಾರಿ ಬಿಡುತ್ತಾರೆ. ತಾಯಿಹಂದಿಗೆ ಮರಿಹಾಕುವ 7 ರಿಂದ 10 ದಿನ ಮೊದಲು ಕೊಟ್ಟು, ಎರಡು ಮೂರು ದಿನ ಕಳೆದು ಮೈ ತೊಳೆದು, ತೊಳೆದ ಕೋಣೆಗೆ ಕರೆತನ್ನಿ. ದುಂಡುಹುಳುವಿನ ಮೊಟ್ಟೆ ಅಂಟಂಟು, ಕೆಚ್ಚಲಿನ ಮಡಿಕೆಯಲ್ಲಿ ಮೆತ್ತಿಕೊಂಡಿರುತ್ತದೆ. ಮರಿಯ ಮೊದಲ ಗುಟುಕಿನಲ್ಲೇ ಅದು ಒಳಗೆ ಹೋಗುತ್ತದೆ. ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆಯ ಬ್ರಷ್, ಹೊಟ್ಟೆ, ಕೆಚ್ಚಲು, ಗೊರಸು ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಮದ್ದಿನಷ್ಟೇ ಇದಕ್ಕೂ ಬೆಲೆಯಿದೆ.

ಹೊಸದಾಗಿ ತಂದ ಹಂದಿಯನ್ನು ಬೇರೆ ಸಿಮೆಂಟು ನೆಲದ ಮೇಲಿಟ್ಟು, ಬಂದ ದಿನವೇ ಮದ್ದು ಕೊಟ್ಟು, ಮಲವನ್ನು ದಿನಾ ಎತ್ತಿ ಗೊಬ್ಬರದ ಬಿಸಿ ರಾಶಿಗೆ ಹಾಕಿ. ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ಮೊಟ್ಟೆ ಎಣಿಸಿ, ಸೊನ್ನೆಯಿದ್ದರೆ ಮಾತ್ರ ಹಿಂಡಿಗೆ ಸೇರಿಸಿ.

ಅದೇ ಹತ್ತು ಹದಿನಾಲ್ಕು ದಿನದ ಅಂತರದಲ್ಲಿ ಹಿಂಡಿನ ಮೇಲೂ ಪರೀಕ್ಷೆ ಮಾಡಬಹುದು. ಮದ್ದಿಗೆ ಮೊದಲು ಸರಾಸರಿ 800 ಮೊಟ್ಟೆ, ನಂತರ 160 ಎಂದಿಟ್ಟುಕೊಳ್ಳಿ. ಇಳಿಕೆ ಶೇಕಡ 80. ಶೇಕಡ 90ಕ್ಕಿಂತ ಕಡಿಮೆಯಾದರೆ ಮೊದಲು ತೂಕ, ಅಳತೆ, ಮದ್ದಿನ ಅವಧಿ ನೋಡಿ. ಅವೆಲ್ಲ ಸರಿಯಿದ್ದರೆ ಹುಳುಗಳು ಮದ್ದಿಗೆ ಒಗ್ಗಿಕೊಂಡಿವೆ ಎಂದು ಶಂಕಿಸಬೇಕು. ಗಂಟುಹುಳುವಿನಲ್ಲಿ ಪೈರಾಂಟೆಲ್, ಲೆವಾಮಿಸೋಲ್, ಬೆಂಜಿಮಿಡಜೋಲ್ (ಫೆನ್‌ಬೆಂಡಜೋಲ್ ಸೇರಿದ್ದು ಇದಕ್ಕೇ) ಗುಂಪುಗಳಿಗೆ ಇಂಥ ಪ್ರತಿರೋಧ ಈಗಾಗಲೇ ಕಂಡುಬಂದಿದೆ.

ನೆಲ

ದುಂಡುಹುಳುವಿನ ಮೊಟ್ಟೆಯ ಚಿಪ್ಪು ಸಾಮಾನ್ಯ ಕ್ರಿಮಿನಾಶಕಕ್ಕೆ ಬಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣ ಅದರ ಹೊರಗಿನ ಅಂಟುಪೊರೆಯನ್ನು ತೆಗೆಯುತ್ತದೆ, ಒಳಗಿನ ಜೀವವನ್ನಲ್ಲ. ಅದು ಹೆದರುವುದು ಬಿಸಿಗೆ ಮತ್ತು ಬಿಸಿಲಿನಲ್ಲಿ ಒಣಗುವುದಕ್ಕೆ. ಆದ್ದರಿಂದ ದೊಡ್ಡಿ ಖಾಲಿಯಾದ ಕೂಡಲೇ ಮಲ, ಹುಲ್ಲುಹಾಸನ್ನು ಪೂರ್ತಿ ಕೆರೆದು ತೆಗೆಯಿರಿ. ಸೋಪುನೀರಿನಲ್ಲಿ ಕೆಲವು ಗಂಟೆ ನೆನೆಸಿ, ಒತ್ತಡದ ನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಆಮೇಲೆ ಹಬೆ. ಹಬೆಯ ಬಾಯಿಯನ್ನು ಬೇಗ ಬೇಗ ಓಡಿಸಿದರೆ ನೆಲದ ಮೇಲ್ಮೈ ಒದ್ದೆಯಾಗುತ್ತದೆಯೇ ಹೊರತು ಬಿರುಕಿನೊಳಗಿನ ಮೊಟ್ಟೆಗೆ ಬಿಸಿ ತಟ್ಟದು. ಮೂಲೆ, ಸಂದು, ತೊಟ್ಟಿಯ ಅಡಿ, ನೀರಿನ ನಳಿಕೆಯ ಸುತ್ತ ನಿಧಾನವಾಗಿ, ಮುಟ್ಟಲಾಗದಷ್ಟು ಕಾಯುವ ತನಕ ಹಿಡಿಯಿರಿ. ಬಳಿಕ ಒಣಗಿಸುವುದು. ತೊಳೆದು ಒದ್ದೆಯಲ್ಲೇ ಹಂದಿ ಬಿಡುವುದು ಮೊಟ್ಟೆಗೆ ನೀರೆರೆದಂತೆ. ಒಡೆದ ಸಿಮೆಂಟನ್ನು ಮುಚ್ಚಿಸದಿದ್ದರೆ ಮೇಲಿನ ಯಾವ ಕೆಲಸವೂ ಫಲ ಕೊಡದು.

ಮಲದ ರಾಶಿಯನ್ನು 55 ಡಿಗ್ರಿಗೆ ಏರಿಸಿ ಕನಿಷ್ಠ 3 ದಿನ ಉಳಿಸಿದರೆ ಮೊಟ್ಟೆ ಸಾಯುತ್ತದೆ. ರಾಶಿಯ ಹೊರಪದರ ಎಂದೂ ಅಷ್ಟು ಬಿಸಿಯಾಗುವುದಿಲ್ಲ. ಹೊರಗಿನದು ಒಳಗೆ ಬರುವಂತೆ ಹಲವು ಸಲ ಮಗುಚಿ, ಪ್ರತಿ ಸಲವೂ ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ನೋಡಬೇಕು.

ಬಯಲಿನಲ್ಲಿ ಮೇಯುವ ಹಂದಿ, ಎರೆಹುಳು, ಕಾಡುಹಂದಿ

ಬಯಲಿಗೆ ಬಿಟ್ಟ ಹಂದಿ ಎರೆಹುಳು ತಿನ್ನುತ್ತದೆ. ಶ್ವಾಸಕೋಶದ ಹುಳು, ಮೆಟಾಸ್ಟ್ರಾಂಗೈಲಸ್, ಎರೆಹುಳುವಿನ ಮೂಲಕವೇ ಹಂದಿ ಸೇರುವುದು. ಕಾಡುಹಂದಿಗಳಲ್ಲಿ ಇದು ಬಹಳ ಸಾಮಾನ್ಯ. ಒಂದು ರಾತ್ರಿ ಬಂದು ನೆಲ ಅಗೆದುಹೋದ ಕಾಡುಹಂದಿಯ ಮಲದಿಂದ ಎರೆಹುಳುವಿಗೆ, ಅದರಿಂದ ವರ್ಷ ಕಳೆದ ಮೇಲೂ ಸಾಕುಹಂದಿಗೆ. ಸಿಮೆಂಟು ದೊಡ್ಡಿಯಲ್ಲಿ ಈ ಹುಳು ಇಲ್ಲ. ದೊಡ್ಡ ಮುಳ್ಳುತಲೆ ಹುಳು ಇದೇ ರೀತಿ ಜೀರುಂಡೆಯ ಮರಿಗಳ ಮೂಲಕ ಬರುತ್ತದೆ.

ಬೆಚ್ಚಗಿನ ನಾಡುಗಳಲ್ಲಿ ಮೂತ್ರಪಿಂಡದ ಹುಳುವೂ ಇದೆ, ಸ್ಟೆಫನ್ಯೂರಸ್. ಇದರ ಮೊಟ್ಟೆ ಹೊರಬರುವುದು ಮೂತ್ರದಲ್ಲಿ, ಅದೂ ಸೋಂಕು ತಗುಲಿ 9 ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆ ದೀರ್ಘ ಅವಧಿಯೇ ಇದರ ದೌರ್ಬಲ್ಯ. ಮರಿಹಾಕದ ಹರೆಯದ ಹೆಣ್ಣುಗಳನ್ನು ಮಾತ್ರ ಕಟ್ಟಿಸಿ, ಒಂದೇ ಸೂಲು ತೆಗೆದು, ಮರಿ ಬಿಡಿಸಿದ ಕೂಡಲೇ ತಾಯಿಯನ್ನು ಕಡಿಯಲು ಕಳಿಸಿ, ಅದರ ಮರಿಗಳಿಂದಲೇ ಮುಂದಿನ ಹೆಣ್ಣುಗಳನ್ನು ಆರಿಸುತ್ತ ಹೋದರೆ ಹುಳುವಿಗೆ ಮೊಟ್ಟೆಯಿಡುವ ವಯಸ್ಸೇ ಬರುವುದಿಲ್ಲ. ಎರಡು ವರ್ಷ ಬಿಡದೆ ಮಾಡಿದರೆ ಹಿಂಡಿನಿಂದ ಅದು ಅಳಿಯುತ್ತದೆ. ಔಷಧಿಯಿಲ್ಲದೆ ಬರೀ ದಿನದ ಲೆಕ್ಕದಿಂದ ಒಂದು ಹುಳುವನ್ನು ಮುಗಿಸುವ ಈ ವಿಧಾನ ಇಷ್ಟು ಒಳ್ಳೆಯದಾಗಿದ್ದೂ ಮರೆತುಹೋಗುತ್ತಿದೆ.

ಕಾಡುಹಂದಿ ತಡೆಯಲು 20, 40, 60 ಸೆಂಟಿಮೀಟರ್ ಎತ್ತರದಲ್ಲಿ ಮೂರು ವಿದ್ಯುತ್ ತಂತಿ, ಅದರ ಒಳಗೆ ನೆಲದೊಳಕ್ಕೆ 30 ಸೆಂಟಿಮೀಟರ್ ಹೂತ ಬಲೆಬೇಲಿ. ಹುಲ್ಲು ಬೆಳೆದು ಕೆಳತಂತಿಗೆ ತಾಗಿದರೆ ವಿದ್ಯುತ್ ನೆಲಕ್ಕೆ ಇಳಿದು ಬೇಲಿ ಸತ್ತಂತೆಯೇ. ಕೆಳತಂತಿಯ ಅಡಿ ವಾರಕ್ಕೊಮ್ಮೆ ಹುಲ್ಲು ಸವರಿ.

ಕಾಡುಹಂದಿಗಳಿಗೇ ಮೇವಿನಲ್ಲಿ ಮದ್ದು ಇಡುವ ಯೋಚನೆ ಕೆಲವರಿಗೆ ಬರುತ್ತದೆ. ಮಾಡಬೇಡಿ. ಯಾವ ಪ್ರಾಣಿ ಎಷ್ಟು ತಿಂದಿತೆಂದು ಗೊತ್ತಾಗುವುದಿಲ್ಲ, ಅರೆಬರೆ ಮದ್ದು ಪ್ರತಿರೋಧಕ್ಕೆ ದಾರಿ, ಬೇಟೆಯ ಮಾಂಸದಲ್ಲಿ ಮದ್ದಿನ ಅಂಶ ಉಳಿಯುತ್ತದೆ. ಎಲ್ಲಕ್ಕಿಂತ ಮೇವಿನ ರಾಶಿಯೇ ಕಾಡಿನ ಹಂದಿಗಳನ್ನು ಒಂದೇ ಜಾಗಕ್ಕೆ ಸೇರಿಸಿ ಅಲ್ಲಿನ ಮಣ್ಣನ್ನು ಮೊಟ್ಟೆಯಿಂದ ತುಂಬುತ್ತದೆ.

ಟ್ರೈಕಿನೆಲ್ಲಾ: ಮಾಂಸದಲ್ಲಿ ಅಡಗಿದ ಹುಳು

ಇದಕ್ಕೆ ನೆಲವೂ ಬೇಡ, ಮಲವೂ ಬೇಡ. ಒಂದು ಪ್ರಾಣಿಯ ಮಾಂಸದಿಂದ ಇನ್ನೊಂದು ಪ್ರಾಣಿಯ ಬಾಯಿಗೆ. 1835ರಲ್ಲಿ ಲಂಡನ್ನಿನ ವೈದ್ಯ ವಿದ್ಯಾರ್ಥಿ ಜೇಮ್ಸ್ ಪ್ಯಾಜೆಟ್ ಶವದ ಸ್ನಾಯುವಿನಲ್ಲಿ ಮರಳಿನಂಥ ಬಿಳಿ ಚುಕ್ಕೆಗಳನ್ನು ಕಂಡು, ಅವುಗಳೊಳಗೆ ಸುರುಳಿ ಸುತ್ತಿದ ಹುಳು ಇರುವುದನ್ನು ಗುರುತಿಸಿದ. ಇಲಿ, ನರಿ, ಕರಡಿ, ಕಾಡುಹಂದಿ, ಎಲ್ಲವೂ ಇದನ್ನು ಹೊತ್ತಿರಬಹುದು. ಸೋಂಕಿದ ಹಂದಿ ನೋಡಲು ಆರೋಗ್ಯವಾಗಿಯೇ ಇರುತ್ತದೆ.

ಆದ್ದರಿಂದ ದೊಡ್ಡಿಯಲ್ಲಿ ಇಲಿ ಇರಕೂಡದು. ಸತ್ತ ಮರಿಯನ್ನು ಅದೇ ದಿನ ತೆಗೆಯಬೇಕು. ಮಾಂಸದ ಚೂರಿರುವ ಮುಸುರೆ, ಬೇಟೆಯ ಒಳಾಂಗಗಳನ್ನು ಹಂದಿಗೂ ನಾಯಿಗೂ ಹಾಕಬಾರದು. ಬೇಟೆಯ ನಂತರ ಚರ್ಮ ಸುಲಿದ ಒಡಲನ್ನು ಕಾಡಿನಲ್ಲೇ ಎಸೆದುಬರುವ ಅಭ್ಯಾಸ ಈ ಹುಳುವನ್ನು ನರಿಯಿಂದ ಹಂದಿಗೆ, ಹಂದಿಯಿಂದ ನರಿಗೆ ದಾಟಿಸುತ್ತ ಇರುತ್ತದೆ. ಪ್ರಾಣಿಗಳು ತೋಡಿ ತೆಗೆಯಲಾಗದಷ್ಟು ಆಳಕ್ಕೆ ಹೂಳಬೇಕು, ಇಲ್ಲವೇ ಸುಡಬೇಕು.

ಪರೀಕ್ಷೆಗೆ ಸಾಕುಹಂದಿಯ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕಂಬದಿಂದ ಒಂದೊಂದು ಗ್ರಾಂ ತೆಗೆದು ನೂರು ಹಂದಿಗಳದ್ದನ್ನು ಒಟ್ಟುಗೂಡಿಸುತ್ತಾರೆ. ಪ್ರತಿ ಕಾಡುಹಂದಿಯಿಂದ ಕನಿಷ್ಠ 5 ಗ್ರಾಂ ಬೇಕು. 100 ಗ್ರಾಂ ಅರೆದ ಮಾಂಸಕ್ಕೆ 2 ಲೀಟರ್ ಬೆಚ್ಚಗಿನ ನೀರು, 16 ಮಿಲಿಲೀಟರ್ ಶೇಕಡ 25ರ ಹೈಡ್ರೋಕ್ಲೋರಿಕ್ ಆಮ್ಲ, ಮಾಂಸ ಜೀರ್ಣಿಸುವ ಪೆಪ್ಸಿನ್ 10 ಗ್ರಾಂ ಹಾಕಿ 44 ರಿಂದ 46 ಡಿಗ್ರಿಯಲ್ಲಿ 30 ನಿಮಿಷ ತಿರುಗಿಸಿದರೆ ಮಾಂಸ ಕರಗಿ ಲಾರ್ವಾ ಮಾತ್ರ ಉಳಿಯುತ್ತದೆ. ನೀರು ಇದಕ್ಕಿಂತ ಬಹಳ ಬಿಸಿಯಾದರೆ ಪೆಪ್ಸಿನ್ ಕೆಡುತ್ತದೆ, ಮಾಂಸ ಕರಗದೆ ಜರಡಿಯಲ್ಲಿ ನಿಲ್ಲುತ್ತದೆ. ಜರಡಿಯಲ್ಲಿ ಉಳಿದದ್ದು ಹಾಕಿದ ಮಾಂಸದ ಶೇಕಡ 5ಕ್ಕಿಂತ ಹೆಚ್ಚಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ.

ಅಡುಗೆಯಲ್ಲಿ ತುಂಡಿನ ಒಳಭಾಗ 71 ಡಿಗ್ರಿ ಮುಟ್ಟಬೇಕು. ದಪ್ಪ 15 ಸೆಂಟಿಮೀಟರ್ ಮೀರದ ಸಾಕುಹಂದಿಯ ಮಾಂಸದ ತುಂಡುಗಳನ್ನು −15 ಡಿಗ್ರಿಯಲ್ಲಿ 20 ದಿನ ಇಟ್ಟರೆ ಲಾರ್ವಾ ಸಾಯುತ್ತದೆ. ಕಾಡುಪ್ರಾಣಿಗಳ ಮಾಂಸಕ್ಕೆ ಈ ಮಾತು ಸಲ್ಲದು. ಅವುಗಳಲ್ಲಿರುವ ಕೆಲವು ಜಾತಿಯ ಟ್ರೈಕಿನೆಲ್ಲಾ ಹಿಮವನ್ನೂ ತಾಳುತ್ತವೆ. ಉಪ್ಪು ಹಚ್ಚುವುದು, ಹೊಗೆಯಲ್ಲಿ ಒಣಗಿಸುವುದು, ಮೈಕ್ರೋವೇವ್, ಇವು ಯಾವುವೂ ಭರವಸೆಯ ದಾರಿಯಲ್ಲ.

ಲಾಡಿಹುಳು: ಇಲ್ಲಿ ಮೂಲ ಮನುಷ್ಯ

ಹಂದಿಮಾಂಸದಲ್ಲಿ ಕಾಳಿನಂಥ ನೀರಗುಳ್ಳೆ ಕಂಡರೆ ಟೀನಿಯಾ ಸೋಲಿಯಮ್ ಎಂಬ ಲಾಡಿಹುಳು ಎಂದು ತಿಳಿಯಿರಿ. ಬೆಳೆದ ಹುಳು ಇರುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಹುಳುವಿನ ಮೊಟ್ಟೆಯಿರುವ ಅವನ ಮಲವನ್ನು ಹಂದಿ ತಿಂದಾಗ ಹಂದಿಯಲ್ಲಿ ಗುಳ್ಳೆಯಾಗುತ್ತದೆ. ಆ ಮೊಟ್ಟೆ ಕೊಳೆಕೈಯಿಂದ ಮನುಷ್ಯನ ಬಾಯಿಗೇ ಹೋದರೆ ಮಿದುಳಿನಲ್ಲಿ ಗುಳ್ಳೆಯಾಗಿ ಮೂರ್ಛೆ ಬರುತ್ತದೆ. ಬದುಕಿರುವ ಹಂದಿಯ ನಾಲಿಗೆಯನ್ನು ಬಟ್ಟೆಯಿಂದ ಹಿಡಿದೆಳೆದು ಅಡಿಭಾಗವನ್ನು ಬೆರಳಿನಿಂದ ಸವರಿದರೆ ಗುಳ್ಳೆ ಕೈಗೆ ಸಿಗಬಹುದು. ಸೋಂಕು ಕಡಿಮೆಯಿದ್ದರೆ ಸಿಗದು, ಹಾಗಾಗಿ ನಾಲಿಗೆ ಚೊಕ್ಕವಾಗಿದೆ ಎಂದು ನೆಮ್ಮದಿ ಪಡಬೇಡಿ. ಆಕ್ಸ್‌ಫೆಂಡಜೋಲ್ ಕಿಲೋಗೆ 30 ಮಿಲಿಗ್ರಾಂನಂತೆ ಒಂದೇ ಸಲ ಕೊಟ್ಟರೆ ಸ್ನಾಯುವಿನ ಗುಳ್ಳೆಗಳು ಸಾಯುತ್ತವೆ. ಟಿಎಸ್‌ಒಎಲ್18 ಎಂಬ ಲಸಿಕೆ ಹೊಸ ಸೋಂಕು ತಡೆಯುತ್ತದೆ. ಎರಡನ್ನೂ ಒಟ್ಟಿಗೆ ಬಳಸುವುದು ಸರಿ, ಏಕೆಂದರೆ ಲಸಿಕೆ ಆಗಲೇ ಇರುವ ಗುಳ್ಳೆಯನ್ನು ಮುಟ್ಟದು, ಮದ್ದು ನಾಳೆ ಬರುವ ಸೋಂಕನ್ನು ತಡೆಯದು.

ದೊಡ್ಡಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಬಾಗಿಲು ಮುಚ್ಚುವ ಶೌಚಾಲಯ, ಸೋಪು, ನೀರು ಇರಲಿ, ಹಂದಿಗಳು ಅದರ ಗುಂಡಿಯ ಹತ್ತಿರ ಸುಳಿಯದಂತೆ ಗೋಡೆಯಿರಲಿ. ತಮ್ಮ ಮಲದಲ್ಲಿ ಅಕ್ಕಿಹಿಟ್ಟಿನ ಶಾವಿಗೆಯ ತುಂಡಿನಂಥ ಚಪ್ಪಟೆ ಬಿಳಿ ಪಟ್ಟಿ, ಅಂದರೆ ಲಾಡಿಹುಳುವಿನ ತುಂಡು, ಯಾರಿಗಾದರೂ ಕಂಡರೆ ಸಂಕೋಚಪಡದೆ ಅಂದೇ ವೈದ್ಯರ ಬಳಿ ಹೋಗಲು ಹೇಳಿ, ಗುಣವಾಗುವ ತನಕ ಮೇವು ಬೆರೆಸುವ ಕೆಲಸವನ್ನು ಬೇರೆಯವರಿಗೆ ವಹಿಸಿ.